ಸರ್ವರ್ ನಿಧಾನ ಅನ್ನೋ ಮೊದಲು ಅಳೆದು ನೋಡಿ

ಕಳೆದ ಸೆಮಿಸ್ಟರ್‌ನಲ್ಲಿ ಫೈನಲ್ ರಿವ್ಯೂಗೆ ಹತ್ತೇ ದಿನ ಉಳಿದಿತ್ತು. ನಾವು ಐದು ಜನ. ಪ್ರಾಜೆಕ್ಟ್‌ಗೆ ಬೇಕಾದ ಸುಮಾರು 40,000 ಎಲೆಗಳ ಫೋಟೋಗಳು, ಒಟ್ಟು 20 ಜಿಬಿ, ಲ್ಯಾಬಿನ ಮೂಲೆಯಲ್ಲಿದ್ದ ಹಳೇ ಡೆಸ್ಕ್‌ಟಾಪ್‌ನಲ್ಲಿದ್ದವು. ಅದೇ ನಮ್ಮ ಸರ್ವರ್. ಲಿನಕ್ಸ್ ಹಾಕಿ, ಎನ್‌ಎಫ್‌ಎಸ್ ಮೂಲಕ ಒಂದು ಫೋಲ್ಡರ್ ಹಂಚಿದ್ದೆವು. ಮಾಡೆಲ್ ಟ್ರೈನಿಂಗ್ ನಡೀಬೇಕಾದ್ದು ಕಿಟಕಿ ಪಕ್ಕದ ಮೆಷಿನ್‌ನಲ್ಲಿ, ಯಾಕಂದ್ರೆ ಗ್ರಾಫಿಕ್ಸ್ ಕಾರ್ಡ್ ಇದ್ದದ್ದು ಅದೊಂದರಲ್ಲೇ. ಆ ಮೆಷಿನ್‌ಗೆ ಫೋಟೋಗಳನ್ನ ಕಾಪಿ ಮಾಡೋಕೆ ಮುಕ್ಕಾಲು ಗಂಟೆ ಬೇಕಾಗ್ತಿತ್ತು. ಲ್ಯಾಬ್ ಮೆಷಿನ್‌ಗಳನ್ನ ಪ್ರತಿ ರಾತ್ರಿ ಕ್ಲೀನ್ ಮಾಡುವ ಪದ್ಧತಿ ಇರೋದ್ರಿಂದ ಮರುದಿನ ಮತ್ತೆ ಅದೇ ಕಥೆ.

ಐದೂ ಜನ ಸೇರಿ ತೀರ್ಮಾನ ಮಾಡಿದೆವು: ಸರ್ವರ್‌ನ ಹಾರ್ಡ್ ಡಿಸ್ಕ್ ಹಳೇದು, ಅದೇ ನಿಧಾನ. ತಲಾ ಸಾವಿರ ರೂಪಾಯಿ ಹಾಕಿ ಒಂದು ಎಸ್‌ಎಸ್‌ಡಿ ತರೋಣ. ನಮ್ಮಲ್ಲಿ ಒಬ್ಬನಿಗೆ ಆ ಸಾವಿರ ಅಂದ್ರೆ ಊರಿಗೆ ಹೋಗಿ ಬರುವ ಬಸ್ ಚಾರ್ಜು. ಆದರೂ ಅವನು ಬೇಡ ಅನ್ನಲಿಲ್ಲ. ಲ್ಯಾಬ್ ನೋಡಿಕೊಳ್ಳುವ ಸರ್ ಹತ್ತಿರ ಡಿಸ್ಕ್ ಬದಲಾಯಿಸೋಕೆ ಪರ್ಮಿಷನ್ ಕೇಳಿದಾಗ ಅವರು ಒಂದೇ ಮಾತು ಹೇಳಿದರು: "ದುಡ್ಡು ಆಮೇಲೆ ಕೂಡಿಸಿ. ನಿಧಾನ ಎಲ್ಲಿದೆ ಅಂತ ಮೊದಲು ಅಳೆದುಕೊಂಡು ಬನ್ನಿ."

ಅಳೆಯೋದು ಹೇಗೆ ಅಂತ ನಮಗೆ ಗೊತ್ತಿರಲಿಲ್ಲ. ಆ ಎರಡು ಸಂಜೆ ಕಲಿತದ್ದನ್ನ ಇಲ್ಲಿ ಬರೀತಿದ್ದೇವೆ. ಕಮಾಂಡ್‌ಗಳನ್ನ ಕ್ಲಾಸಿನಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇವೆ. ಅನುಮಾನ ಬಂದರೆ ಟರ್ಮಿನಲ್‌ನಲ್ಲಿ ಮ್ಯಾನ್ ಪೇಜ್ ತೆಗೆದು ನೋಡಿಕೊಳ್ಳಿ.

ಫೈಲ್ ಬರುವ ದಾರಿ

ಹಂಚಿದ ಫೋಲ್ಡರ್ ನಮ್ಮ ಮೆಷಿನ್‌ನಲ್ಲಿ ಮಾಮೂಲಿ ಫೋಲ್ಡರ್ ಥರಾನೇ ಕಾಣತ್ತೆ. ಅದಕ್ಕೇ ಮೋಸ ಹೋಗ್ತೀವಿ. ಒಳಗಡೆ ನಡೆಯೋದು ಬೇರೆ. ನೀವು ಫೈಲ್ ಓಪನ್ ಮಾಡಿದಾಗ ಕ್ಲೈಂಟ್‌ನ ಕರ್ನಲ್ ಒಂದು ಕೋರಿಕೆ ತಯಾರು ಮಾಡತ್ತೆ. ಅದು ನೆಟ್‌ವರ್ಕ್ ಕಾರ್ಡ್, ಕೇಬಲ್, ಸ್ವಿಚ್, ಇನ್ನೊಂದು ಕೇಬಲ್ ದಾಟಿ ಸರ್ವರ್ ಸೇರತ್ತೆ. ಸರ್ವರ್ ಆ ಫೈಲನ್ನ ತನ್ನ ರ‍್ಯಾಮ್‌ನಿಂದಲೋ ಡಿಸ್ಕಿನಿಂದಲೋ ಓದಿ, ಅದೇ ದಾರಿಯಲ್ಲಿ ವಾಪಸ್ ಕಳಿಸತ್ತೆ. ಈ ಸರಪಳಿಯಲ್ಲಿ ಯಾವ ಕೊಂಡಿ ಎಲ್ಲಕ್ಕಿಂತ ನಿಧಾನವೋ ಅದರ ವೇಗವೇ ಒಟ್ಟು ವೇಗ. ಬೇರೆ ಕೊಂಡಿಗೆ ದುಡ್ಡು ಸುರಿದರೆ ಏನೂ ಬದಲಾಗಲ್ಲ.

ಕ್ಯಾಂಪಸ್ಸಿನಲ್ಲಿ ನಿಮಗೆ ಸಿಗುವ ಹಂಚಿಕೆ ಸಾಮಾನ್ಯವಾಗಿ ಎರಡು ಬಗೆ. ಎನ್‌ಎಫ್‌ಎಸ್ ಅನ್ನು 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ತಯಾರಿಸಿತು; ಯುನಿಕ್ಸ್, ಲಿನಕ್ಸ್ ಜಗತ್ತಿನದು. ಇನ್ನೊಂದು ಎಸ್‌ಎಂಬಿ, ವಿಂಡೋಸ್ ಮೆಷಿನ್‌ಗಳು ಮಾತಾಡೋದು ಅದನ್ನೇ. ಲಿನಕ್ಸ್ ಸರ್ವರ್ ಎಸ್‌ಎಂಬಿ ಮಾತಾಡಬೇಕಾದರೆ ಸಾಂಬಾ ಬೇಕು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಅದನ್ನು ಶುರುಮಾಡಿದವರು. ಎಸ್, ಎಂ, ಬಿ ಮೂರೂ ಅಕ್ಷರ ಇರುವ ಪದ ಹುಡುಕಿದಾಗ ಸಿಕ್ಕ ಹೆಸರು ಸಾಂಬಾ. ಅಳೆಯುವ ವಿಧಾನ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಮೊದಲು ಲೆಕ್ಕ: ಬಿಟ್ಟೋ ಬೈಟೋ

ಅಳೆಯೋಕೆ ಮುಂಚೆ ಎಷ್ಟು ಬರಬೇಕು ಅನ್ನೋದು ಗೊತ್ತಿರಬೇಕು. ಇಲ್ಲದಿದ್ದರೆ ಸಿಕ್ಕಿದ ಸಂಖ್ಯೆ ಒಳ್ಳೇದೋ ಕೆಟ್ಟದ್ದೋ ಹೇಳೋಕಾಗಲ್ಲ.

ನೆಟ್‌ವರ್ಕ್‌ನವರು ಬಿಟ್‌ನಲ್ಲಿ ಮಾತಾಡ್ತಾರೆ, ಫೈಲ್ ಕಾಪಿ ಮಾಡುವವರು ಬೈಟ್‌ನಲ್ಲಿ. ಗಿಗಾಬಿಟ್ ಅಂದರೆ ಸೆಕೆಂಡಿಗೆ 100 ಕೋಟಿ ಬಿಟ್. ಎಂಟರಿಂದ ಭಾಗಿಸಿದರೆ 125 ಎಂಬಿ. ಆದರೆ ಅದು ಪೂರ್ತಿ ನಮ್ಮ ಡೇಟಾಗೆ ಸಿಗಲ್ಲ. ಈಥರ್ನೆಟ್‌ನ ಒಂದು ಪ್ಯಾಕೆಟ್ 1500 ಬೈಟ್ ಹೊರತ್ತೆ. ಹೆಡರ್, ಚೆಕ್‌ಸಮ್, ಎರಡು ಫ್ರೇಮ್‌ಗಳ ನಡುವಿನ ಖಾಲಿ ಜಾಗ ಎಲ್ಲಾ ಸೇರಿ ತಂತಿ ಮೇಲೆ ಹಿಡಿಯುವ ಜಾಗ 1538 ಬೈಟ್. 1500ರ ಒಳಗೂ ಐಪಿ ಮತ್ತು ಟಿಸಿಪಿ ಹೆಡರ್‌ಗಳು 52 ಬೈಟ್ ತಿಂತಾವೆ. ಉಳಿದದ್ದು 1448. ಅಂದರೆ 1538ಕ್ಕೆ 1448, ಸುಮಾರು ಶೇ. 94.

ಹಾಗಾಗಿ ಗಿಗಾಬಿಟ್ ಕೇಬಲ್‌ನಲ್ಲಿ ನಿಜವಾಗಿ ಸಿಗುವ ಗರಿಷ್ಠ 941 ಮೆಗಾಬಿಟ್. ಬೈಟ್‌ನಲ್ಲಿ 117 ಎಂಬಿ ಚಿಲ್ಲರೆ. ಎನ್‌ಎಫ್‌ಎಸ್‌ನ ಸ್ವಂತ ಖರ್ಚೂ ಇರತ್ತೆ, ಆದ್ದರಿಂದ 110 ಬಂದರೆ ಖುಷಿಪಡಿ. 100 ಮೆಗಾಬಿಟ್ ಲಿಂಕ್ ಆದರೆ ಇದರ ಹತ್ತನೇ ಒಂದು ಭಾಗ: 11.7 ಎಂಬಿ. ಈ ಎರಡು ಸಂಖ್ಯೆಗಳನ್ನ ಬಾಯಿಪಾಠ ಮಾಡಿಕೊಳ್ಳಿ, 117 ಮತ್ತು 11.7. ಮುಂದೆ ಬೇಕಾಗತ್ತೆ.

ಇನ್ನೊಂದು ಗೊಂದಲ: 1000ದ ಲೆಕ್ಕವೋ 1024ರ ಲೆಕ್ಕವೋ ಅನ್ನೋದು. ಡಿಡಿ ಕಮಾಂಡ್‌ನಲ್ಲಿ ಬ್ಲಾಕ್ ಸೈಜ್‌ಗೆ ಬರೀ ಎಂ ಅಂತ ಕೊಟ್ಟರೆ 1024 ಗುಣಿಸು 1024 ಬೈಟ್, ಎಂಬಿ ಅಂತ ಕೊಟ್ಟರೆ ಸರಿಯಾಗಿ ಹತ್ತು ಲಕ್ಷ ಬೈಟ್. ಶೇ. 5ರಷ್ಟು ವ್ಯತ್ಯಾಸ. ಒಬ್ಬ ಒಂದು ಲೆಕ್ಕ, ಇನ್ನೊಬ್ಬ ಇನ್ನೊಂದು ಲೆಕ್ಕ ಹಿಡಿದರೆ ಜಗಳ ಗ್ಯಾರಂಟಿ.

ನಮ್ಮ ಮೊದಲ ಅಳತೆ, ಮೊದಲ ಮುಖಭಂಗ

ಮೊದಲ ಸಂಜೆ ನಾವು ನೇರವಾಗಿ ಡಿಡಿ ಓಡಿಸಿದೆವು. ಹಂಚಿದ ಫೋಲ್ಡರ್‌ಗೆ 4 ಜಿಬಿ ಫೈಲ್ ಬರೆದು, ತಕ್ಷಣ ಅದನ್ನೇ ವಾಪಸ್ ಓದಿದೆವು. ಓದಿದ ವೇಗ ಸೆಕೆಂಡಿಗೆ ಮೂರು ಜಿಬಿಗಿಂತ ಹೆಚ್ಚು! ಒಬ್ಬ ಕುಣಿದಾಡಿದ. ಇನ್ನೊಬ್ಬ ಕೇಳಿದ: "ಮಾರಾಯ, ಗಿಗಾಬಿಟ್ ತಂತಿಯಲ್ಲಿ 117 ದಾಟೋಕೆ ಸಾಧ್ಯನೇ ಇಲ್ಲ ಅಲ್ವಾ? ಮೂರು ಸಾವಿರ ಹೆಂಗೆ ಬಂತು?"

ಉತ್ತರ ಪೇಜ್ ಕ್ಯಾಶ್. ಲಿನಕ್ಸ್ ತಾನು ಓದಿದ, ಬರೆದ ಡೇಟಾವನ್ನ ಖಾಲಿ ಇರುವ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳತ್ತೆ. ಮತ್ತೆ ಕೇಳಿದರೆ ಅಲ್ಲಿಂದಲೇ ಕೊಡತ್ತೆ. ನಮ್ಮ ಡೇಟಾ ತಂತಿಗೆ ಇಳಿದೇ ಇರಲಿಲ್ಲ. ನಾವು ಅಳೆದದ್ದು ಕಿಟಕಿ ಪಕ್ಕದ ಮೆಷಿನ್‌ನ ರ‍್ಯಾಮ್ ವೇಗ. ಸಂಖ್ಯೆ ಸುಳ್ಳಲ್ಲ, ಆದರೆ ನಾವು ಕೇಳಿದ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಆಮೇಲೆ ತೀರ್ಮಾನ ಮಾಡಿದೆವು: ಮೇಲಿಂದ ಅಳೆಯೋದು ಬೇಡ. ತಳದಿಂದ ಒಂದೊಂದೇ ಕೊಂಡಿ ಹಿಡಿದು ಬರೋಣ.

ಕೊಂಡಿ ಒಂದು: ತಂತಿ

ತಂತಿಯನ್ನ ಅಳೆಯುವಾಗ ಡಿಸ್ಕ್ ನಡುವೆ ಬರಬಾರದು. ಅದಕ್ಕೆ ಐಪರ್ಫ್3 ಅನ್ನೋ ಟೂಲ್ ಇದೆ. ಸರ್ವರ್‌ನಲ್ಲಿ ಐಪರ್ಫ್3 ಹೈಫನ್ ಎಸ್ ಅಂತ ಓಡಿಸಿ. ಕ್ಲೈಂಟ್‌ನಲ್ಲಿ ಹೈಫನ್ ಸಿ ಕೊಟ್ಟು ಸರ್ವರ್‌ನ ವಿಳಾಸ ಬರೆಯಿರಿ. ಹತ್ತು ಸೆಕೆಂಡು ರ‍್ಯಾಮ್‌ನಿಂದ ರ‍್ಯಾಮ್‌ಗೆ ಡೇಟಾ ಕಳಿಸಿ ವೇಗ ಹೇಳತ್ತೆ. ಮಾಮೂಲಿಯಾಗಿ ಇದು ಕ್ಲೈಂಟ್‌ನಿಂದ ಸರ್ವರ್ ಕಡೆಗೆ ಮಾತ್ರ ಅಳೆಯತ್ತೆ. ಸರ್ವರ್‌ನಿಂದ ಓದುವ ದಿಕ್ಕು ನೋಡೋಕೆ ದೊಡ್ಡ ಆರ್ ಆಯ್ಕೆ ಸೇರಿಸಿ ಇನ್ನೊಮ್ಮೆ ಓಡಿಸಿ. ಎರಡೂ ದಿಕ್ಕು ನೋಡಲೇಬೇಕು.

ಲ್ಯಾಬಿನ ಬೇರೆ ಮೂರು ಮೆಷಿನ್‌ಗಳಲ್ಲಿ ಓಡಿಸಿದೆವು: 940 ಮೆಗಾಬಿಟ್ ಆಸುಪಾಸು. ಕಿಟಕಿ ಪಕ್ಕದ ಮೆಷಿನ್‌ನಲ್ಲಿ ಓಡಿಸಿದೆವು: 94.

ಎಲ್ಲರೂ ಒಂದು ಕ್ಷಣ ಸುಮ್ಮನಾದೆವು. ಸರಿಯಾಗಿ ಹತ್ತನೇ ಒಂದು ಭಾಗ. ಈಥ್‌ಟೂಲ್ ಕಮಾಂಡ್‌ಗೆ ನೆಟ್‌ವರ್ಕ್ ಕಾರ್ಡಿನ ಹೆಸರು ಕೊಟ್ಟು ನೋಡಿದರೆ ಸ್ಪೀಡ್ ಅನ್ನೋ ಸಾಲಿನಲ್ಲಿ 1000 ಬದಲು 100 ಇತ್ತು. ಕಾರ್ಡ್ ಗಿಗಾಬಿಟ್‌ದೇ, ಸ್ವಿಚ್ ಕೂಡ ಗಿಗಾಬಿಟ್‌ದೇ. ಹಾಗಾದರೆ ಉಳಿದದ್ದು ಕೇಬಲ್.

ಕಂಪ್ಯೂಟರ್ ನೆಟ್‌ವರ್ಕ್ಸ್ ಕ್ಲಾಸಿನಲ್ಲಿ ಓದಿದ್ದು ನೆನಪಾಯ್ತು. 100 ಮೆಗಾಬಿಟ್ ಈಥರ್ನೆಟ್‌ಗೆ ನಾಲ್ಕು ಜೋಡಿ ತಂತಿಗಳಲ್ಲಿ ಎರಡು ಜೋಡಿ ಸಾಕು. ಪಿನ್ 1, 2 ಮತ್ತು 3, 6. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಒಂದು ತಂತಿ ಸರಿಯಾಗಿ ಕೂತಿಲ್ಲ ಅಂದ್ರೆ ಹಲವು ಕಾರ್ಡ್‌ಗಳು ಲಿಂಕ್ ಕಡಿದು ಹಾಕಲ್ಲ, ತಾವಾಗಿಯೇ 100ಕ್ಕೆ ಇಳೀತವೆ. ಇಂಟರ್ನೆಟ್ ಬರತ್ತೆ, ಪಿಂಗ್ ಹೋಗತ್ತೆ, ಎಲ್ಲಾ ಸರಿ ಇದ್ದ ಹಾಗೇ ಕಾಣತ್ತೆ. ಕೇಬಲ್ ಟೆಸ್ಟರ್ ಹಾಕಿ ನೋಡಿದೆವು. 1ರಿಂದ 6ರವರೆಗೆ ದೀಪ ಹತ್ತಿತು, 7 ಹತ್ತಲಿಲ್ಲ, 8 ಹತ್ತಿತು. ಕಂದು ಬಣ್ಣದ ಜೋಡಿಯ ಒಂದು ತಂತಿ ಕನೆಕ್ಟರ್‌ನ ತುದಿ ಮುಟ್ಟಿರಲೇ ಇಲ್ಲ.

ನೀವು ವೈಫೈ ಮೇಲಿದ್ದರೆ ಲೆಕ್ಕ ಬೇರೆ. ಅಲ್ಲಿ ತೋರಿಸುವ ಲಿಂಕ್ ವೇಗ ನಿಮಗೆ ಪೂರ್ತಿ ಸಿಗುವಂಥದ್ದಲ್ಲ. ಒಂದೇ ಚಾನೆಲ್ಲನ್ನ ಎಲ್ಲರೂ ಸರದಿಯಂತೆ ಬಳಸಬೇಕು, ಮೇಲೆ ಹಾಸ್ಟೆಲ್‌ನ ಅಷ್ಟೂ ಫೋನ್‌ಗಳು. ಆದ್ದರಿಂದ ವೈಫೈನಲ್ಲಿ ಅಳೆದ ಸಂಖ್ಯೆಯಿಂದ ಸರ್ವರ್ ಬಗ್ಗೆ ತೀರ್ಪು ಕೊಡಬೇಡಿ.

ಕೊಂಡಿ ಎರಡು: ಸರ್ವರ್‌ನ ಡಿಸ್ಕ್

ಕೇಬಲ್ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಲಿಲ್ಲ. ಡಿಸ್ಕ್ ಮೇಲೆ ಹೊರಿಸಿದ್ದ ಆರೋಪವನ್ನೂ ವಿಚಾರಣೆ ಮಾಡಬೇಕಲ್ಲ. ಸರ್ವರ್ ಮುಂದೆಯೇ ಕೂತು, ನೆಟ್‌ವರ್ಕ್ ಇಲ್ಲದೆ, ಅದೇ 4 ಜಿಬಿ ಫೈಲನ್ನ ಡಿಡಿಯಿಂದ ಓದಿಸಿದೆವು. ಓದಿದ್ದನ್ನ ಸ್ಲ್ಯಾಶ್ ಡೆವ್ ಸ್ಲ್ಯಾಶ್ ನಲ್ ಅನ್ನೋ ಖಾಲಿ ಬಾವಿಗೆ ಸುರಿದೆವು.

ಓದಿಸೋ ಮೊದಲು ಕ್ಯಾಶ್ ಖಾಲಿ ಮಾಡಬೇಕು. ಮೊದಲು ಸಿಂಕ್ ಕೊಡಿ. ಬರೆಯೋಕೆ ಬಾಕಿ ಇದ್ದದ್ದು ಡಿಸ್ಕಿಗೆ ಹೋಗಲಿ. ಆಮೇಲೆ ರೂಟ್ ಆಗಿ, ಪ್ರಾಕ್ ಫೋಲ್ಡರಿನ ಸಿಸ್, ಅದರೊಳಗೆ ವಿಎಂ, ಅಲ್ಲಿರುವ ಡ್ರಾಪ್ ಅಂಡರ್‌ಸ್ಕೋರ್ ಕ್ಯಾಶಸ್ ಅನ್ನೋ ಫೈಲ್‌ಗೆ 3 ಅಂತ ಬರೆಯಿರಿ. ಪೇಜ್ ಕ್ಯಾಶ್ ಖಾಲಿಯಾಗತ್ತೆ. ಡೇಟಾ ಏನೂ ಹೋಗಲ್ಲ, ಹೆದರಬೇಡಿ. ಆದರೆ ಬೇರೆಯವರು ಕೆಲಸ ಮಾಡ್ತಿರುವ ಸರ್ವರ್‌ನಲ್ಲಿ ಕೇಳದೆ ಮಾಡಬೇಡಿ, ಸ್ವಲ್ಪ ಹೊತ್ತು ಎಲ್ಲರಿಗೂ ನಿಧಾನ ಆಗತ್ತೆ.

ನಮ್ಮ ಹಳೇ ಡಿಸ್ಕ್ ದೊಡ್ಡ ಫೈಲನ್ನ ಸೆಕೆಂಡಿಗೆ 140 ಎಂಬಿ ಆಸುಪಾಸಿನಲ್ಲಿ ಓದಿತು. ಅಂದರೆ ಗಿಗಾಬಿಟ್ ತಂತಿಗಿಂತಲೂ ಜೋರು! ದೊಡ್ಡ ಫೈಲ್‌ಗಳ ಮಟ್ಟಿಗೆ, ಐದು ಸಾವಿರ ಕೊಟ್ಟು ಎಸ್‌ಎಸ್‌ಡಿ ತಂದಿದ್ದರೆ ಕಾಪಿಯ ಸಮಯ ಒಂದು ಸೆಕೆಂಡೂ ಕಡಿಮೆ ಆಗ್ತಿರಲಿಲ್ಲ.

ಸರ್ವರ್ ರಾಸ್ಪ್‌ಬೆರಿ ಪೈ ಆಗಿದ್ದರೆ ಇಲ್ಲಿ ಇನ್ನೊಂದು ವಿಷಯ ನೋಡಿ. ಪೈ 3ರಲ್ಲಿ ಈಥರ್ನೆಟ್ 100 ಮೆಗಾಬಿಟ್ ಮಾತ್ರ, ಅದೂ ಯುಎಸ್‌ಬಿ 2 ಮೂಲಕ. 3ಬಿ ಪ್ಲಸ್‌ನಲ್ಲಿ ಪೋರ್ಟ್ ಗಿಗಾಬಿಟ್ ಆದರೂ ಅದೇ ಯುಎಸ್‌ಬಿ 2 ಕಾರಣಕ್ಕೆ ಸುಮಾರು 300 ಮೆಗಾಬಿಟ್‌ಗೆ ನಿಂತುಬಿಡತ್ತೆ. ಪೂರ್ತಿ ಗಿಗಾಬಿಟ್ ಬಂದದ್ದು ಪೈ 4ರಲ್ಲಿ. ಯಾವ ಬೋರ್ಡ್ ಅನ್ನೋದು ನೋಡದೆ ಸಾಫ್ಟ್‌ವೇರ್ ಬೈಯಬೇಡಿ.

ಕೊಂಡಿ ಮೂರು: ಹಂಚಿದ ಫೋಲ್ಡರ್

ಈಗ ಪೂರ್ತಿ ದಾರಿಯನ್ನ ಅಳೆಯಬಹುದು. ಓದುವ ಅಳತೆಗೆ ಎರಡೂ ಕಡೆ, ಕ್ಲೈಂಟ್ ಮತ್ತು ಸರ್ವರ್, ಕ್ಯಾಶ್ ಖಾಲಿ ಮಾಡಿ. ಕ್ಲೈಂಟ್‌ದನ್ನ ಮಾತ್ರ ಖಾಲಿ ಮಾಡಿದರೆ ಸರ್ವರ್ ತನ್ನ ರ‍್ಯಾಮ್‌ನಿಂದ ಕೊಡತ್ತೆ. ಆಗ ಡಿಸ್ಕ್ ಲೆಕ್ಕಕ್ಕೇ ಬರಲ್ಲ. ಕ್ಲೈಂಟ್‌ನಲ್ಲಿ ರೂಟ್ ಇದ್ದರೆ ಫೋಲ್ಡರನ್ನ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿದರೂ ಆ ಕಡೆಯ ಕ್ಯಾಶ್ ಹೋಗತ್ತೆ. ಸರ್ವರ್‌ನಲ್ಲಿ ರೂಟ್ ಇಲ್ಲವಾ? ಸರ್ವರ್‌ನ ರ‍್ಯಾಮ್‌ಗಿಂತ ಎರಡು ಪಟ್ಟು ದೊಡ್ಡ ಫೈಲ್ ತಗೊಳ್ಳಿ, ಪೂರ್ತಿ ಕ್ಯಾಶ್‌ನಲ್ಲಿ ಕೂರೋಕೆ ಜಾಗವೇ ಇರಲ್ಲ.

ಬರೆಯುವ ಅಳತೆಯಲ್ಲಿ ಡಿಡಿಗೆ ಕಾನ್ವ್ ಅನ್ನೋ ಆಯ್ಕೆಯಲ್ಲಿ ಎಫ್‌ಡೇಟಾಸಿಂಕ್ ಅಂತ ಸೇರಿಸಿ. ಆಗ ಡೇಟಾ ನಿಜವಾಗಿ ಸರ್ವರ್‌ನ ಡಿಸ್ಕಿಗೆ ಸೇರಿದೆ ಅಂತ ಉತ್ತರ ಬರುವವರೆಗೂ ಗಡಿಯಾರ ಓಡ್ತಾ ಇರತ್ತೆ. ಫೈಲ್ ಮ್ಯಾನೇಜರ್‌ನ ಹಸಿರು ಪಟ್ಟಿ ಶುರುವಿನಲ್ಲಿ ಸರ್ರನೆ ಓಡಿ, 90ಕ್ಕೆ ಬಂದು ನಿಂತುಬಿಡೋದನ್ನ ನೋಡಿದ್ದೀರಲ್ಲ? ಮೊದಲು ಓಡಿದ್ದು ರ‍್ಯಾಮ್‌ಗೆ, ಆಮೇಲೆ ಕಾದದ್ದು ನಿಜವಾದ ವೇಗಕ್ಕೆ.

ಬರೆಯೋಕೆ ಡೆವ್ ಝೀರೋದಿಂದ ಬರೀ ಸೊನ್ನೆ ತಗೊಳ್ಳೋದೂ ಅಪಾಯ. ಸರ್ವರ್‌ನ ಫೈಲ್ ಸಿಸ್ಟಮ್ ಡೇಟಾ ಕುಗ್ಗಿಸುವಂಥದ್ದಾದರೆ ಸೊನ್ನೆಗಳು ಜಾಗವೇ ಹಿಡಿಯಲ್ಲ, ವೇಗ ಸುಳ್ಳೇ ಹೆಚ್ಚು ಕಾಣತ್ತೆ. ಯುರ‍್ಯಾಂಡಮ್‌ನಿಂದ ನೇರ ತಗೊಂಡರೆ ಆ ಸಂಖ್ಯೆಗಳನ್ನ ಹುಟ್ಟಿಸೋಕೇ ಸಿಪಿಯು ಒದ್ದಾಡತ್ತೆ. ಅದಕ್ಕೆ ಮೊದಲೇ ಒಂದು ರ‍್ಯಾಂಡಮ್ ಫೈಲನ್ನ ಕ್ಲೈಂಟ್‌ನ ಡೆವ್ ಎಸ್‌ಎಚ್‌ಎಂ ಫೋಲ್ಡರಿನಲ್ಲಿ, ಅಂದರೆ ರ‍್ಯಾಮ್‌ನಲ್ಲಿ, ಮಾಡಿಟ್ಟುಕೊಂಡು ಅದನ್ನ ಕಾಪಿ ಮಾಡಿ.

ಹಳೇ ಕೇಬಲ್‌ನಲ್ಲಿ 4 ಜಿಬಿ ಓದೋಕೆ ಆರು ನಿಮಿಷ ಹಿಡೀತು. ಹೊಸ ಕೇಬಲ್ ಹಾಕಿದ ಮೇಲೆ 37 ಸೆಕೆಂಡು. ಭಾಗಿಸಿ ನೋಡಿ, ಬಾಯಿಪಾಠ ಮಾಡಿದ ಎರಡು ಸಂಖ್ಯೆಗಳ ಪಕ್ಕದಲ್ಲೇ ಬಂದು ನಿಲ್ತೀರಿ.

ಆದರೂ ಫೋಲ್ಡರ್ ಯಾಕೆ ನಿಧಾನ?

ಖುಷಿಯಲ್ಲಿ 20 ಜಿಬಿ ಫೋಟೋ ಫೋಲ್ಡರ್ ಕಾಪಿಗೆ ಹಾಕಿದೆವು. ಲೆಕ್ಕದ ಪ್ರಕಾರ ಮೂರು ನಿಮಿಷ ಆಗಬೇಕು. ಹಿಡಿದದ್ದು ಹದಿಮೂರು ನಿಮಿಷ.

ಇಲ್ಲಿ ತಂತಿಯ ಅಗಲ ಮುಖ್ಯ ಅಲ್ಲ, ಎಷ್ಟು ಸಲ ಹೋಗಿ ಬರಬೇಕು ಅನ್ನೋದು ಮುಖ್ಯ. ಒಂದು ಫೈಲ್ ಅಂದರೆ ಹೆಸರು ಹುಡುಕು, ತೆರೆ, ಓದು, ಮುಚ್ಚು ಅಂತ ಸರ್ವರ್‌ಗೆ ಹಲವು ಕೋರಿಕೆ. ಪ್ರತಿಯೊಂದಕ್ಕೂ ಉತ್ತರ ಬರುವವರೆಗೆ ಕಾಪಿ ಕಮಾಂಡ್ ಕಾಯತ್ತೆ. ಇದರ ಮೇಲೆ ಹಾರ್ಡ್ ಡಿಸ್ಕಿನ ತಲೆ ಹೊಸ ಜಾಗಕ್ಕೆ ಓಡಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತಗೊಳ್ಳತ್ತೆ. ಸರಾಸರಿ ಅರ್ಧ ಸುತ್ತು ಕಾಯಬೇಕು, ತಲೆ ಸರಿಯೋ ಸಮಯ ಬೇರೆ. ಎಲ್ಲಾ ಸೇರಿ ಫೈಲ್‌ಗೆ 15 ಮಿಲಿಸೆಕೆಂಡ್ ಹೆಚ್ಚುವರಿ ಅಂತ ಇಟ್ಟುಕೊಳ್ಳಿ. 40,000 ಫೈಲ್‌ಗೆ 600 ಸೆಕೆಂಡು, ಹತ್ತು ನಿಮಿಷ. ಮೂರಕ್ಕೆ ಹತ್ತು ಸೇರಿಸಿ, ಹದಿಮೂರು!

ನ್ಯಾಯವಾಗಿ ಹೇಳಬೇಕು: ಈ ಹತ್ತು ನಿಮಿಷದಲ್ಲಿ ಎಸ್‌ಎಸ್‌ಡಿ ನಿಜವಾಗಿಯೂ ಸಹಾಯ ಮಾಡ್ತಿತ್ತು. ಆದರೆ ದುಡ್ಡಿಲ್ಲದ ದಾರಿಯೂ ಇತ್ತು. ಸರ್ವರ್‌ನಲ್ಲೇ ಒಂದು ಸಲ ಕೂತು 40,000 ಫೋಟೋಗಳನ್ನ ಟಾರ್ ಮಾಡಿ ಒಂದೇ ಫೈಲ್ ಮಾಡಿದೆವು. ಕುಗ್ಗಿಸಲಿಲ್ಲ, ಜೆಪೆಗ್ ಫೋಟೋಗಳು ಮೊದಲೇ ಕುಗ್ಗಿದವು. ಆಮೇಲೆ ಕ್ಲೈಂಟ್‌ನಿಂದ ಆ ಟಾರ್ ಫೈಲನ್ನ ನೇರ ಓದಿ ಲೋಕಲ್ ಡಿಸ್ಕಿಗೆ ಬಿಚ್ಚಿದೆವು. ಮೂರೂವರೆ ನಿಮಿಷ.

ಆದ್ದರಿಂದ ಅಳೆಯುವಾಗ ಎರಡು ಪ್ರಶ್ನೆ ಬೇರೆ ಬೇರೆ ಇಟ್ಟುಕೊಳ್ಳಿ: ಸೆಕೆಂಡಿಗೆ ಎಷ್ಟು ಎಂಬಿ, ಮತ್ತು ಸೆಕೆಂಡಿಗೆ ಎಷ್ಟು ಫೈಲ್. ಎರಡನೆಯದಕ್ಕೆ ನಿಮ್ಮ ನಿಜವಾದ ಫೋಲ್ಡರನ್ನೇ ಟೈಮ್ ಕಮಾಂಡ್ ಹಾಕಿ ಕಾಪಿ ಮಾಡೋದು ಒಳ್ಳೇದು. ಇನ್ನೂ ಆಳಕ್ಕೆ ಹೋಗಬೇಕಾದರೆ ಫಿಯೋ ಅನ್ನೋ ಟೂಲ್ ಇದೆ. 4 ಕೆಬಿ ತುಂಡುಗಳಲ್ಲಿ ಅಲ್ಲಲ್ಲಿ ಓದೋದು, ಒಂದೇ ಸಲ ಹಲವು ಕೋರಿಕೆ ಕಳಿಸೋದು ಎಲ್ಲವನ್ನೂ ಅದರಲ್ಲಿ ಅಳೆಯಬಹುದು.

ಮೌಂಟ್ ಆಯ್ಕೆಗಳು

ವೇಗ ಕಡಿಮೆ ಅಂದ ಕೂಡಲೇ ಆರ್‌ಸೈಜ್, ಡಬ್ಲ್ಯೂಸೈಜ್ ತಿದ್ದಿ ಅನ್ನೋ ಸಲಹೆ ಬರತ್ತೆ. ಒಂದು ಕೋರಿಕೆಯಲ್ಲಿ ಎಷ್ಟು ಬೈಟ್ ಓದಬೇಕು, ಬರೆಯಬೇಕು ಅನ್ನೋದು ಅವು. ತಿದ್ದುವ ಮೊದಲು ಎನ್‌ಎಫ್‌ಎಸ್‌ಸ್ಟಾಟ್ ಹೈಫನ್ ಎಂ ಓಡಿಸಿ ಈಗ ಏನಿದೆ ನೋಡಿ. ಇಂದಿನ ಲಿನಕ್ಸ್‌ನಲ್ಲಿ ಕ್ಲೈಂಟ್, ಸರ್ವರ್ ಮಾತಾಡಿಕೊಂಡು ಹೆಚ್ಚಿನ ಸಲ ದೊಡ್ಡದನ್ನೇ ಆರಿಸಿಕೊಳ್ತವೆ. ಗರಿಷ್ಠ 10,48,576 ಬೈಟ್. ನಮ್ಮಲ್ಲಿ ಅಷ್ಟೇ ಇತ್ತು, ತಿದ್ದೋಕೆ ಏನೂ ಇರಲಿಲ್ಲ.

ಸರ್ವರ್‌ನ ಎಕ್ಸ್‌ಪೋರ್ಟ್ಸ್ ಫೈಲ್‌ನಲ್ಲಿ ಸಿಂಕ್ ತೆಗೆದು ಎಸಿಂಕ್ ಹಾಕಿದರೆ ಸಣ್ಣ ಫೈಲ್ ಬರೆಯೋದು ಜೋರಾಗತ್ತೆ, ನಿಜ. ಯಾಕಂದ್ರೆ ಡಿಸ್ಕಿಗೆ ಬರೆಯೋ ಮುಂಚೆಯೇ ಸರ್ವರ್ "ಆಯ್ತು" ಅಂದುಬಿಡತ್ತೆ. ಆ ಹೊತ್ತಿಗೆ ಕರೆಂಟ್ ಹೋದರೆ ನಿಮ್ಮ ಪ್ರಾಜೆಕ್ಟ್ ರಿಪೋರ್ಟೂ ಹೋಗತ್ತೆ. ಯುಪಿಎಸ್ ಇಲ್ಲದ ಲ್ಯಾಬ್‌ನಲ್ಲಿ ಇದು ಬೇಡವೇ ಬೇಡ.

ಎಲ್ಲಿ ಕಾಯ್ತಾ ಇದೆ ಅಂತ ನೋಡೋಕೆ ಎನ್‌ಎಫ್‌ಎಸ್‌ಐಒಸ್ಟಾಟ್ ಓಡಿಸಿ. ಅದರಲ್ಲಿ ಎರಡು ಸಮಯ ಬರತ್ತೆ. ಆರ್‌ಟಿಟಿ ಅಂದರೆ ಕೋರಿಕೆ ಕಳಿಸಿದ ಮೇಲೆ ಉತ್ತರ ಬರುವವರೆಗೆ ಹಿಡಿದದ್ದು. ಎಕ್ಸ್‌ಇ ಅಂದರೆ ಅದರ ಜೊತೆಗೆ ನಮ್ಮ ಮೆಷಿನ್‌ನಲ್ಲೇ ಸಾಲಿನಲ್ಲಿ ಕಾದದ್ದೂ ಸೇರಿ. ಎರಡೂ ಹತ್ತಿರ ಇದ್ದು ಎರಡೂ ದೊಡ್ಡದಾಗಿದ್ದರೆ ತೊಂದರೆ ಸರ್ವರ್ ಅಥವಾ ನೆಟ್‌ವರ್ಕ್ ಕಡೆ. ಎಕ್ಸ್‌ಇ ಮಾತ್ರ ಬಹಳ ದೊಡ್ಡದಾಗಿದ್ದರೆ ಕೋರಿಕೆಗಳು ಕ್ಲೈಂಟ್‌ನಲ್ಲೇ ಕ್ಯೂ ನಿಂತಿವೆ.

ಅಳೆಯುವವರು ನೆನಪಿಡಬೇಕಾದ್ದು

ಒಂದು ಸಲ ಅಳೆದು ನಂಬಬೇಡಿ. ಐದು ಸಲ ಅಳೆದು, ಏರಿಕೆ ಕ್ರಮದಲ್ಲಿ ಬರೆದು, ನಡುವಿನದನ್ನ ತಗೊಳ್ಳಿ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಕೇಬಲ್ಲೂ ಮೌಂಟ್ ಆಯ್ಕೆಯೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯ್ತು ಅಂತ ಯಾವತ್ತೂ ಗೊತ್ತಾಗಲ್ಲ.

ಫೈಲ್ ಸೈಜ್, ಕ್ಯಾಶ್ ಖಾಲಿ ಮಾಡಿದ್ದಿರಾ ಇಲ್ಲವಾ, ಎಷ್ಟು ಹೊತ್ತಿಗೆ ಅಳೆದದ್ದು, ಇನ್ಯಾರು ನೆಟ್‌ವರ್ಕ್ ಬಳಸ್ತಿದ್ದರು, ಎಲ್ಲಾ ಬರೆದಿಡಿ. ಇದಿಲ್ಲದ ಸಂಖ್ಯೆಯನ್ನ ಇನ್ನೊಬ್ಬರು ಪರೀಕ್ಷೆ ಮಾಡೋಕಾಗಲ್ಲ.

ಲೆಕ್ಕಕ್ಕಿಂತ ಒಳ್ಳೆಯ ಫಲಿತಾಂಶ ಬಂದರೆ ಕೆಟ್ಟ ಫಲಿತಾಂಶಕ್ಕಿಂತ ಹೆಚ್ಚು ಅನುಮಾನಪಡಿ. ತಂತಿ ಕೊಡಲಾಗದ ವೇಗ ಬಂತು ಅಂದರೆ ನೀವು ಬೇರೆ ಏನನ್ನೋ ಅಳೀತಿದ್ದೀರಿ.

ಮೂರನೇ ದಿನ ಪೂರ್ತಿ ಪಟ್ಟಿ ಹಿಡಿದು ಸರ್ ಹತ್ತಿರ ಹೋದೆವು. ಅವರು ಓದಿ, ಕೆಟ್ಟ ಕೇಬಲ್ ಕೈಯಲ್ಲಿ ಹಿಡಿದು, "ಇದನ್ನ ಕ್ರಿಂಪ್ ಮಾಡಿದ್ದು ಯಾರು?" ಅಂತ ಕೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಐದನೇ ಸೆಮಿಸ್ಟರ್‌ನ ನೆಟ್‌ವರ್ಕ್ಸ್ ಲ್ಯಾಬಿನಲ್ಲಿ ಅದನ್ನ ಮಾಡಿದ್ದು ನಾವೇ. ಪಿಂಗ್ ಹೋಯ್ತು ಅಂತ ಅವತ್ತು ಪೂರ್ತಿ ಮಾರ್ಕ್ಸೂ ಸಿಕ್ಕಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಆರು ತಿಂಗಳು ಸರ್ವರ್ ಡೊಂಕು ಅಂದಿದ್ದೆವು.

ಹೊಸ ಕನೆಕ್ಟರ್ ಹಾಕಿ ಅದೇ ಕೇಬಲ್ ಸರಿಮಾಡಿದೆವು. ರಿವ್ಯೂ ಮುಗೀತು. ಎಸ್‌ಎಸ್‌ಡಿಗೆ ಕೂಡಿಸಿದ್ದ ದುಡ್ಡು ಎಲ್ಲರಿಗೂ ವಾಪಸ್ ಹೋಯ್ತು, ಆ ಗೆಳೆಯ ಹಬ್ಬಕ್ಕೆ ಊರಿಗೂ ಹೋಗಿ ಬಂದ. ನಿಮ್ಮ ಲ್ಯಾಬಿನಲ್ಲೂ ಯಾರಾದರೂ ಸರ್ವರ್ ನಿಧಾನ ಅಂದರೆ ಮೊದಲು ಈಥ್‌ಟೂಲ್ ಓಡಿಸಿ. ಎರಡು ಸೆಕೆಂಡಿನ ಕೆಲಸ.